ಗೊಂಬೆ ನಿಲ್ಲಿಸುವವರ ಜೊತೆ ಬೆಂಗಳೂರಿನಲ್ಲಿ

ಶುಕ್ರವಾರ

ಸೂತ್ರದ ಗೊಂಬೆಯಾಟ ಅಂದರೆ ನಮ್ಮ ಸಾಗರದ ಕಡೆಯವರಿಗೆ ಮೊದಲು ನೆನಪಾಗೋದು ಕುಂದಾಪುರದ ಹತ್ತಿರದ ಉಪ್ಪಿನಕುದ್ರು. ಬಡಗುತಿಟ್ಟಿನ ಯಕ್ಷಗಾನದ ವೇಷಭೂಷಣ, ಅದೇ ಭಾಗವತಿಕೆ, ಅದೇ ಚೆಂಡೆ. ಪಾತ್ರಧಾರಿಗಳು ಮಾತ್ರ ಮರದವರು. ಕೊಗ್ಗ ಕಾಮತರು ಅದನ್ನು ದೇಶ ದಾಟಿಸಿದರು, ಮಗ ಭಾಸ್ಕರ ಕೊಗ್ಗ ಕಾಮತರು ಮುಂದುವರಿಸಿದರು. ಬೆಂಗಳೂರು, ಮಾಗಡಿ ಸುತ್ತಿನ ಬಯಲುಸೀಮೆಯ ಗೊಂಬೆಯಾಟದ ರೀತಿಯೇ ಬೇರೆ. ಅಲ್ಲಿ ಗೊಂಬೆಯ ಭಾರ ಬೀಳೋದು ಆಡಿಸುವವರ ಕೈಮೇಲಲ್ಲ, ತಲೆಮೇಲೆ. ಓದಿ ಗೊತ್ತಿತ್ತು, ಕಣ್ಣಾರೆ ಕಂಡಿರಲಿಲ್ಲ. ಹಳೆಯ ತಂಡವೊಂದು ಭಾನುವಾರ ಸಂಜೆ ಹನುಮಂತನಗರದಲ್ಲಿ ‘ಗಿರಿಜಾ ಕಲ್ಯಾಣ’ ಪ್ರಸಂಗ ಆಡುತ್ತದೆ ಅಂತ ಬಸವನಗುಡಿಯಲ್ಲಿರುವ ಅಕ್ಕ ಫೋನ್ ಮಾಡಿದ್ದೇ ತಡ, ಶಾಲೆಗೆ ರಜೆ ಬರೆದುಕೊಟ್ಟು ತಾಳಗುಪ್ಪದ ರಾತ್ರಿ ರೈಲು ಹತ್ತಿದೆ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ಅದೂ ಆಗುತ್ತದೆ ಅಂತ ಅಕ್ಕನ ಲೆಕ್ಕ.

ಮೆಜೆಸ್ಟಿಕ್‌ನಿಂದ ಮೆಟ್ರೊದಲ್ಲಿ ನ್ಯಾಷನಲ್ ಕಾಲೇಜು, ಅಲ್ಲಿಂದ ನಡೆದೇ ಅಕ್ಕನ ಮನೆ. ಸ್ನಾನ, ಉಪ್ಪಿಟ್ಟು ಮುಗಿಸಿ ಆಟೊ ಹಿಡಿದು ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋದೆ. 1960ರಲ್ಲಿ ಶುರುವಾದ ಈ ಸಂಸ್ಥೆಯನ್ನು ಕಟ್ಟಿದ ಪ್ರೊ. ಎಂ.ಎಸ್. ನಂಜುಂಡರಾಯರಿಗೆ ತೊಗಲು ಗೊಂಬೆಗಳ ಮೇಲೆ ಬಹಳ ಪ್ರೀತಿ. ಹಳ್ಳಿಹಳ್ಳಿ ತಿರುಗಿ ಅವರು ಸಂಗ್ರಹಿಸಿದ ಗೊಂಬೆಗಳಿರೋದು ಇಲ್ಲೇ. ನಾನು ಹೋಗಿದ್ದು ಸೂತ್ರದ ಗೊಂಬೆ ನೋಡುವ ಪ್ರಯಾಣಕ್ಕಾದರೂ, ಕರ್ನಾಟಕದ ಗೊಂಬೆಯ ವಿಚಾರಕ್ಕೆ ಕೈಹಾಕಿದವರು ತೊಗಲಿಗೆ ಮೊದಲು ನಮಸ್ಕಾರ ಮಾಡಬೇಕು ಅನ್ನೋದು ನನ್ನ ಅಭಿಪ್ರಾಯ.

ಚರ್ಮವನ್ನು ಹದಮಾಡಿ, ಬೆಳಕು ತೂರುವಷ್ಟು ತೆಳ್ಳಗೆ ಕೆರೆದು, ಉಳಿಯಿಂದ ರಂಧ್ರ ಕೊರೆದು, ಕೆಂಪು, ಹಸಿರು, ಕಪ್ಪು ತುಂಬುತ್ತಾರೆ. ರಂಧ್ರಗಳೇ ಪರದೆಯ ಮೇಲೆ ಒಡವೆ ಆಗೋದು, ಸೆರಗಿನ ಅಂಚು ಆಗೋದು. ಪಾತ್ರದ ಅಂತಸ್ತಿಗೆ ತಕ್ಕ ಅಳತೆ: ರಾಜ ದೊಡ್ಡವನು, ಸೇವಕ ಚಿಕ್ಕವನು. ಒಂದೇ ತೊಗಲಿನಲ್ಲಿ ರಥ, ಕುದುರೆ, ಸಾರಥಿ, ಬಿಲ್ಲು ಹಿಡಿದವನು ಎಲ್ಲರೂ ಇರುವುದುಂಟು. ಇವನ್ನು ಆಡಿಸುತ್ತಿದ್ದವರು ಶಿಳ್ಳೇಕ್ಯಾತ ಸಮುದಾಯದವರು. ಮಳೆ ಬರಲಿಲ್ಲವೆಂದರೆ, ದನಗಳಿಗೆ ರೋಗ ಬಂದರೆ ಊರವರು ಅವರನ್ನು ಕರೆಸಿ ಆಟ ಆಡಿಸುತ್ತಿದ್ದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಪುರಾಣದ ಜೊತೆ ಗಾಂಧೀಜಿಯವರ ಕಥೆಯನ್ನೂ ತೊಗಲಿನ ಪರದೆಗೆ ತಂದವರು. 2023ರಲ್ಲಿ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟರು. ಆ ಸುದ್ದಿ ಓದಿದ ದಿನ ನಾನು ತರಗತಿಯಲ್ಲಿ ಪಾಠ ನಿಲ್ಲಿಸಿ ಅವರ ಬಗ್ಗೆ ಹೇಳಿದ್ದೆ.

ಗಾಜಿನ ಹಿಂದಿರುವ ಗೊಂಬೆಗೆ ಪಾತ್ರದ ಹೆಸರಿದೆ, ಊರಿದೆ. ಹಿಡಿದಿದ್ದವರ ಹೆಸರು ಎಷ್ಟೋ ಕಡೆ ಇರುವುದಿಲ್ಲ. ಯಾವ ಮ್ಯೂಸಿಯಂಗೆ ಹೋದರೂ ನನಗೆ ಕಾಡುವ ವಿಷಯ ಇದು. ಕಡ್ಡಿಯ ತುದಿಯಲ್ಲಿ ಕೈ ಸವೆಸಿ ಸವೆಸಿ ನುಣುಪಾದ ಜಾಗ ಮಾತ್ರ ಕಾಣುತ್ತದೆ.

ಶನಿವಾರ

ರಾಮನಗರದ ಜಾನಪದ ಲೋಕಕ್ಕೆ ಹೋಗಿಬರುವ ಯೋಚನೆ ಇತ್ತು. ಎಚ್.ಎಲ್. ನಾಗೇಗೌಡರು ಕಟ್ಟಿದ ಆ ಜಾಗವನ್ನು ಅರ್ಧ ದಿನದಲ್ಲಿ ನೋಡಿ ಮುಗಿಸೋಕೆ ಆಗಲ್ಲ. ಅಷ್ಟರಲ್ಲಿ ಅಕ್ಕ, “ಭಾನುವಾರ ಆಟ ಇರೋರು ಇವತ್ತು ಮನೇಲೇ ಗೊಂಬೆ ಕಟ್ತಿದಾರಂತೆ, ಬನ್ನಿ ಅಂದಿದಾರೆ ಕಣೋ” ಅಂದಳು. ಜಾನಪದ ಲೋಕವನ್ನು ಇನ್ನೊಂದು ಸಲಕ್ಕಿಟ್ಟು ಶ್ರೀನಗರದ ಕಡೆ ಹೊರಟೆವು.

ತಂಡ ನಡೆಸುವ ಹಿರಿಯರು ಹೆಸರು ಬರೆಯೋದು ಬೇಡ ಅಂದಿದ್ದಾರೆ. ತಂಡದವರು, ಬೀದಿಯವರು ಎಲ್ಲರೂ ಅವರನ್ನು ಯಜಮಾನ್ರು ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತೇನೆ. ಎಪ್ಪತ್ತರ ಮೇಲಿನ ವಯಸ್ಸು, ಬಿಳಿ ಪಂಚೆ, ಕುತ್ತಿಗೆಗೆ ಆಸ್ಪತ್ರೆಯವರು ಕೊಟ್ಟ ಪಟ್ಟಿ. ಮಾಗಡಿ ಕಡೆಯವರು, ಅಪ್ಪನಿಂದ ಕಲಿತವರು. ಹಗಲು ಗಿರಣಿ ಕೆಲಸ, ರಾತ್ರಿ ಆಟ. ಗಿರಣಿ ನಿಂತಮೇಲೆ ಆಟವೊಂದೇ ಉಳಿಯಿತು.

ಮೊದಲ ಮಹಡಿಯ ಹಜಾರದಲ್ಲಿ ಸೋಫಾ ಇಲ್ಲ. ಗೋಡೆಯುದ್ದಕ್ಕೂ ಮರದ ಪೆಟ್ಟಿಗೆಗಳು. ದೇವತೆಗಳ ಪೆಟ್ಟಿಗೆ ಬೇರೆ, ರಾಕ್ಷಸರ ಪೆಟ್ಟಿಗೆ ಬೇರೆ. ಆ ಮನೆಯಲ್ಲಿ ಅದು ಅಜ್ಜನ ಕಾಲದ ಕಟ್ಟು. ನಡುವೆ ಹಗ್ಗ ಕಟ್ಟಿ ನಾಳೆಯ ಪಾತ್ರಗಳನ್ನು ತೂಗುಹಾಕಿದ್ದರು. ಶಿವ, ನಂದಿ, ಹಿಮವಂತ, ಮನ್ಮಥ, ಗಿರಿಜೆ. ಯಜಮಾನರ ಸೊಸೆ ಗಿರಿಜೆಯ ಸೀರೆಯ ನೆರಿಗೆಗೆ ಹೊಲಿಗೆ ಹಾಕುತ್ತಿದ್ದರು. ಅವರ ಮಗಳು, ಹತ್ತನೇ ಕ್ಲಾಸಿನ ಹುಡುಗಿ, ಕಪ್ಪು ದಾರಕ್ಕೆ ಮೇಣ ಉಜ್ಜುತ್ತಿದ್ದಳು.

ಗಿರಿಜೆಯನ್ನು ಹಗ್ಗದಿಂದ ಇಳಿಸಿ ನನ್ನ ತೊಡೆಮೇಲೆ ಮಲಗಿಸಿದರು. ಸುಮಾರು ಮೂರು ಅಡಿ. ತಲೆ, ಕೈ, ಪಾದ ಹಾಲುವಾಣದ ಮರದ್ದು. ಮರ ಹಗುರ, ಉಳಿಗೆ ಸುಲಭವಾಗಿ ಬಗ್ಗುತ್ತದೆ, ಆದರೆ ನೆರಳಲ್ಲಿ ಚೆನ್ನಾಗಿ ಒಣಗಿಸದೆ ಕೆತ್ತಿದರೆ ಮುಖ ಬಿರುಕು ಬಿಡುತ್ತದೆ. ಕೆತ್ತನೆ ಮುಗಿದಮೇಲೆ ಹುಣಸೆ ಬೀಜದ ಅಂಟಿನಲ್ಲಿ ತೆಳು ಬಟ್ಟೆ ಅಂಟಿಸಿ, ಬಿಳಿ ಬಳಿದು, ಉಜ್ಜಿ, ಆಮೇಲೆ ಬಣ್ಣ. ಕಣ್ಣು ಬರೆಯೋದು ಕೊನೆಗೆ, ಬೆಳಗಿನ ಹೊತ್ತು, ಊಟಕ್ಕೆ ಮೊದಲು. ಭುಜ, ಮೊಣಕೈ, ಸೊಂಟ, ಮೊಣಕಾಲು, ಎಲ್ಲ ಕಡೆ ಕೀಲು. ಪಾದದ ತಳದಲ್ಲಿ ಸಣ್ಣ ತೂತು ಕೊರೆದು ಸೀಸದ ಚೂರು ತುಂಬಿ ಮುಚ್ಚಿದ್ದಾರೆ. ಪಾದಕ್ಕೆ ತೂಕ ಇಲ್ಲದಿದ್ದರೆ ಅದು ನೆಲ ಹುಡುಕಲ್ಲ.

ಬೆಂಗಳೂರಿನ ಕರಕುಶಲ ಅಂಗಡಿಗಳಲ್ಲಿ ಗೊಂಬೆ ಅಂತ ಹೆಚ್ಚಾಗಿ ಸಿಗೋದು ರಾಜಸ್ಥಾನದ ಕಠಪುತಲಿ. ಅದಕ್ಕೆ ಕಾಲಿಲ್ಲ, ಉದ್ದ ಲಂಗ. ಕೆಲವೇ ದಾರದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಸುತ್ತುತ್ತದೆ, ಹಾರುತ್ತದೆ. ಅದರ ಚೆಲುವೇ ಆ ವೇಗ. ನಮ್ಮ ಗೊಂಬೆಗೆ ಕಾಲಿದೆ. ಕಾಲಿದ್ದಮೇಲೆ ಅದು ಹೆಜ್ಜೆ ಇಡಬೇಕು, ಭಾರ ಹೊರಬೇಕು, ಮಂಡಿ ಊರಬೇಕು. ಕಷ್ಟ ಶುರುವಾಗೋದು ಅಲ್ಲಿಂದ.

ಯಜಮಾನರು ಮೂಲೆಯಿಂದ ಸಿಂಬಿ ತಂದರು. ನೀರಿನ ಕೊಡಕ್ಕೆ ಇಟ್ಟುಕೊಳ್ಳುವ ಸಿಂಬಿಯ ಅಳತೆಯದೇ. ಒಳಗೆ ಕಬ್ಬಿಣದ ಬಳೆ, ಸುತ್ತ ಕಪ್ಪು ಬಟ್ಟೆ. ಗೊಂಬೆಯ ಮೈಯ ದಾರಗಳು ಬಂದು ಸೇರೋದು ಈ ಬಳೆಗೆ. ಇದನ್ನು ಕಿರೀಟ ಇಟ್ಟುಕೊಂಡಂತೆ ತಲೆಗೆ ಇಟ್ಟುಕೊಂಡು, ಎರಡು ಕೈಯಲ್ಲಿ ಎರಡು ಸಲಾಕೆ ಹಿಡಿದು ಗೊಂಬೆಯ ಕೈಗಳನ್ನು ಆಡಿಸಬೇಕು. ಸೂತ್ರವೂ ಉಂಟು, ಸಲಾಕೆಯೂ ಉಂಟು. ತಲೆ ಆಡಿಸಿದರೆ ಗೊಂಬೆಯ ಮೈ ಆಡುತ್ತದೆ, ಬಗ್ಗಿದರೆ ಅದು ಕೂರುತ್ತದೆ, ತಿರುಗಿದರೆ ತಿರುಗುತ್ತದೆ. ಗೆಜ್ಜೆ ಮಾತ್ರ ಗೊಂಬೆಯ ಕಾಲಲ್ಲಿಲ್ಲ. ಅದು ಪರದೆ ಹಿಂದಿನವರ ಕಾಲಲ್ಲಿ. ನಾವು ಮುಂದೆ ಕೂತು ಗಿರಿಜೆಯ ಗೆಜ್ಜೆ ಅಂತ ಕೇಳಿಸಿಕೊಳ್ಳೋದು ಆಡಿಸುವವರ ಹೆಜ್ಜೆ.

“ಇಟ್ಕೊಳಿ ಮೇಷ್ಟ್ರೇ,” ಅಂದರು. ಸೊಸೆ ಸಿಂಬಿ ಸರಿಮಾಡಿ ತಲೆಮೇಲಿಟ್ಟರು. ಮೊದಲ ಕ್ಷಣಕ್ಕೆ ಭಾರ ಗೊತ್ತಾಗಲಿಲ್ಲ. ಆಮೇಲೆ ಹಣೆಯ ಎರಡೂ ಬದಿಯಿಂದ ಇಳಿದು ಕತ್ತಿನ ಹಿಂದೆ ಬಂದು ಕೂತಿತು.

“ಕುಣಿಸ್ಬೇಡಿ. ನಿಲ್ಸಿ.”

ಕೆಳಗೆ ನೋಡಿದರೆ ಗಿರಿಜೆಯ ಪಾದ ಹಾಸಿನಿಂದ ಒಂದು ಬೆರಳು ಮೇಲಿತ್ತು. ತಲೆ ಸ್ವಲ್ಪ ತಗ್ಗಿಸಿದೆ; ಮಂಡಿ ಕುಸಿಯಿತು. ಎತ್ತಿದೆ, ಮತ್ತೆ ತೇಲಿತು. ನಡುವೆ ಎಲ್ಲೋ ಒಂದು ಅಳತೆ ಇದೆ, ಅಲ್ಲಿ ಅಂಗಾಲು ಪೂರ್ತಿ ನೆಲಕ್ಕೆ ತಾಗಿ, ಮಂಡಿ ನೇರ ಇದ್ದು, ದಾರ ಬಿಗಿಯಾಗೇ ಇರುತ್ತದೆ. ಆ ಅಳತೆ ಉಸಿರು ಬಿಟ್ಟರೂ ತಪ್ಪುತ್ತದೆ.

“ಕುಣಿಸೋದನ್ನ ಆರು ತಿಂಗಳಲ್ಲಿ ಹೇಳ್ಕೊಡ್ತೀನಿ,” ಯಜಮಾನರು ಅಂದರು. “ಕುಣೀತಾ ಇದ್ರೆ ತಪ್ಪು ಕಾಣಲ್ಲ, ತಾಳದಲ್ಲಿ ಮುಚ್ಚೋಗುತ್ತೆ. ನಿಂತ್ಕೊಂಡಾಗ ಮುಚ್ಚೋಕೆ ಏನೂ ಇರಲ್ಲ. ಗೊಂಬೆಗೆ ನೆಲ ಗೊತ್ತಾಗ್ಬೇಕು. ನಮ್ಮಪ್ಪ ನಂಗೆ ಮೂರು ವರ್ಷ ಬರೀ ದ್ವಾರಪಾಲಕನ್ನ ಕೊಟ್ಟಿದ್ರು. ಆಟದ ಮೊದಲಿಂದ ಕೊನೆವರೆಗೂ ನಿಂತಿರೋದೇ ಅವನ ಕೆಲಸ. ಅಳು ಬರ್ತಿತ್ತು.”

ಆಮೇಲೆ ಕಾಫಿ ಬಂತು, ಮಾತು ಹರಿಯಿತು. ಹಳ್ಳಿಯ ಆಟ ರಾತ್ರಿಯಿಡೀ. ಹರಳೆಣ್ಣೆ ದೀಪ ಹೋಗಿ ಗ್ಯಾಸ್‌ಲೈಟು ಬಂದ ಕಾಲ ಅವರು ಕಂಡಿದ್ದು. ಸಂಭಾವನೆ ಅಂದರೆ ರಾಗಿ, ಹುರುಳಿ, ತೆಂಗಿನಕಾಯಿ. ಈಗಿನ ಆಟ ಒಂದೂಕಾಲು ಗಂಟೆ. ಅವರಿಗೆ ಅದರ ಬಗ್ಗೆ ಬೇಸರವಿಲ್ಲ. ಬೇಸರ ಇರೋದು ರೆಕಾರ್ಡ್ ಹಾಕಿ ಆಡಿಸೋದಕ್ಕೆ. “ಭಾಗವತರು ಗೊಂಬೆ ನೋಡ್ಕೊಂಡು ಹಾಡ್ತಾರೆ. ದಾರ ಸಿಕ್ಕಾಕೊಂಡ್ರೆ ಇನ್ನೊಂದ್ಸಲ ಪಲ್ಲವಿ ತಗೋತಾರೆ. ಪೆನ್‌ಡ್ರೈವ್ ಕಾಯುತ್ತಾ?” ಹಾಡೋರು, ಮೃದಂಗ, ಹಾರ್ಮೋನಿಯಂ, ಮುಖವೀಣೆ ಅಂತ ಹೋದರೆ ಖರ್ಚು ಎರಡರಷ್ಟು. ದೊಡ್ಡ ಕಾರ್ಯಕ್ರಮವೊಂದರಲ್ಲಿ ಆಡಿಸಿದ ಹಣ ಮುಂದಿನ ವರ್ಷದ ಯುಗಾದಿಗೆ ಬಂತಂತೆ. ಅಷ್ಟರಲ್ಲಿ ಮೃದಂಗದವರಿಗೆ ಇವರು ಕೈಯಿಂದಲೇ ಕೊಟ್ಟಾಗಿತ್ತು. ಮಾರ್ಚ್ 21 ವಿಶ್ವ ಗೊಂಬೆಯಾಟ ದಿನ. ಅವತ್ತು ಒಂದೇ ದಿನಕ್ಕೆ ಮೂರು ಕಡೆಯಿಂದ ಕರೆ ಬರುತ್ತದೆ. ಆಷಾಢದಲ್ಲಿ ಒಂದೂ ಇಲ್ಲ. ವರ್ಷಕ್ಕೊಂದು ದಿನ ನೆನೆಸಿಕೊಳ್ಳುವವರಿಗಿಂತ ಮಗುವಿನ ನಾಮಕರಣಕ್ಕೆ, ಗೃಹಪ್ರವೇಶಕ್ಕೆ ಒಂದು ಆಟ ಹಾಕಿಸುವವರು ಈ ಕಲೆಗೆ ಹೆಚ್ಚು ಮಾಡುತ್ತಾರೆ. ಇದನ್ನು ನಾನು ಒತ್ತಿಯೇ ಹೇಳುತ್ತೇನೆ.

ಬೆಂಗಳೂರಿನಲ್ಲಿ ಈ ದಾರಿಯಲ್ಲಿ ನಡೆದವರು ಇವರೊಬ್ಬರೇ ಅಲ್ಲ. ಎಂ.ಆರ್. ರಂಗನಾಥ ರಾಯರ ‘ರಂಗಪುತ್ಥಳಿ’ ತಂಡ ಈ ಸೂತ್ರ-ಸಲಾಕೆ ಪದ್ಧತಿಗೆ ದೇಶಮಟ್ಟದ ಹೆಸರು ತಂದಿತು. ಅವರಿಗೆ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಸಂದಿದೆ. ಅವರ ಬಳಿ ಕಲಿತ ಅನುಪಮಾ ಹೊಸ್ಕೆರೆ ಎಂಜಿನಿಯರಿಂಗ್ ಓದಿದವರು. ಬನಶಂಕರಿಯಲ್ಲಿ ‘ಧಾತು’ ಕಟ್ಟಿ ಹೊಸ ಪ್ರಸಂಗಗಳನ್ನು ಬರೆಸಿದರು, ಹೊರದೇಶದ ತಂಡಗಳನ್ನು ಕರೆಸಿ ಗೊಂಬೆಹಬ್ಬ ಮಾಡಿದರು, ನವರಾತ್ರಿಯಲ್ಲಿ ಗೊಂಬೆ ಕೂರಿಸಿ ಊರಿಗೆಲ್ಲ ತೋರಿಸಿದರು. ಮನೆತನದ ಹೊರಗಿನವರು ಬಂದು ಕಲಿತದ್ದರಿಂದ ಕಲೆ ಕೆಟ್ಟಿತು ಅನ್ನುವ ಮಾತನ್ನು ಅಲ್ಲಿ ಇಲ್ಲಿ ಕೇಳಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಕುತ್ತಿಗೆ ಕೊಡುವವರು ಯಾರಾದರೂ ಆಗಲಿ, ಗೊಂಬೆ ನಿಂತರೆ ಸಾಕು.

ಹೊರಡುವಾಗ ಯಜಮಾನರ ಹೆಂಡತಿ ಬಾಗಿಲ ತನಕ ಬಂದರು. “ಡಾಕ್ಟ್ರು ಇನ್ಮೇಲೆ ತಲೆಮೇಲೆ ಭಾರ ಹೊರಬಾರ್ದು ಅಂದಿದಾರೆ ಕಣಮ್ಮ,” ಅಂತ ಅಕ್ಕನ ಹತ್ತಿರ ಮೆಲ್ಲಗೆ ಹೇಳಿದರು. “ನಾಳೆ ಒಂದು ಸೀನು ಮಾತ್ರ ಮಾಡ್ತೀನಿ ಅಂತ ಹಟ.”

ಭಾನುವಾರ

ಬೆಳಿಗ್ಗೆ ಗಾಂಧಿಬಜಾರಿನಲ್ಲಿ ಹೂವು, ದೋಸೆ. ಅದರ ಬಗ್ಗೆ ಬರೆದವರು ಬಹಳ ಜನ ಇದ್ದಾರೆ.

ಮಧ್ಯಾಹ್ನ ಮೂರಕ್ಕೇ ಹನುಮಂತನಗರದ ಆ ಸಭಾಂಗಣಕ್ಕೆ ಹೋದೆ. ತಂಡದವರು ಕಂಬ ನಿಲ್ಲಿಸಿ ಕಪ್ಪು ಬಟ್ಟೆ ಕಟ್ಟುತ್ತಿದ್ದರು. ಕೆಳಗಿನ ಪರದೆ ಆಡಿಸುವವರ ಎದೆಮಟ್ಟಕ್ಕೆ, ಮೇಲಿನದು ಅವರ ಮುಖ ಮುಚ್ಚುವಷ್ಟಕ್ಕೆ. ಅವರು ಬಗ್ಗಿ, ಕೈಚಾಚಿ, ಪರದೆಯ ಮುಂದೆ ಗೊಂಬೆ ಇಳಿಬಿಡಬೇಕು. ಎಲ್ಲರಿಗೂ ಕಪ್ಪು ಅಂಗಿ. ಸೊಸೆ ಮೊದಲು ಮಾಡಿದ ಕೆಲಸ ಸಭಾಂಗಣದ ಫ್ಯಾನ್‌ಗಳನ್ನೆಲ್ಲ ಆರಿಸಿದ್ದು. ಗಾಳಿ ಬಂದರೆ ದಾರ ತೂಗುತ್ತದೆ, ಸೆರಗು ಹಾರುತ್ತದೆ. ಸೆಕೆ ಅಂತ ಗೊಣಗಿದವರಿಗೆಲ್ಲ ಅವರು ನಗುನಗುತ್ತಲೇ ವಿವರಿಸಿ ಹೇಳಿದರು.

ಪೂಜೆಯಾಗಿ, ಗಣಪತಿ ಬಂದು ಹೋಗಿ, ಕೋಡಂಗಿ ಬಂದ. ಮೊದಲ ಸಾಲಿನ ಮಕ್ಕಳು ಫೋನ್ ಬಿಟ್ಟು ಎದ್ದು ನಿಂತದ್ದು ಆಗಲೇ. ಕೋಡಂಗಿ ಹನುಮಂತನಗರದ ಗುಂಡಿಬಿದ್ದ ರಸ್ತೆಯಲ್ಲಿ ಬಂದ ಕಷ್ಟ ಹೇಳಿಕೊಂಡ, ಭಾಗವತರು ಸಮಾಧಾನ ಮಾಡಿದರು. ನಂತರ ದೇವೇಂದ್ರನ ಸಭೆ, ತಾರಕಾಸುರನ ಹಾವಳಿ. ತಪಸ್ಸಿನಲ್ಲಿ ಕೂತ ಶಿವನ ಮೇಲೆ ಮನ್ಮಥ ಹೂಬಾಣ ಬಿಟ್ಟ. ಮನ್ಮಥನನ್ನು ಆಡಿಸಿದವರು ಯಜಮಾನರ ತಮ್ಮನ ಮಗ. ಆ ಹೆಜ್ಜೆಯ ಹುರುಪು, ಬಿಲ್ಲು ಹೆದೆಯೇರಿಸುವಾಗ ಸಲಾಕೆ ತಿರುಗಿದ ರೀತಿ, ಎಲ್ಲ ಚೆಂದ. ಹಿಂದೆ ಶಿವನ ಉರಿಗಣ್ಣಿಗೆ ಪಂಜಿನ ಮೇಲೆ ರಾಳದ ಪುಡಿ ಎಸೆದು ಜ್ವಾಲೆ ಎಬ್ಬಿಸುತ್ತಿದ್ದರಂತೆ. ಸಭಾಂಗಣದೊಳಗೆ ಬೆಂಕಿಗೆ ಅವಕಾಶವಿಲ್ಲ, ಕೆಂಪು ದೀಪ ಹತ್ತಿತು. ಅಷ್ಟಕ್ಕೇ ಒಂದು ಮಗು ಅಮ್ಮನ ಮಡಿಲು ಸೇರಿತು.

ಆಮೇಲೆ ಗಿರಿಜೆಯ ತಪಸ್ಸು.

ನಾನು ಕೂತಿದ್ದು ಪಕ್ಕದ ಬಾಗಿಲ ಹತ್ತಿರ. ಪರದೆಯ ಮುಂದೂ ಕಾಣುತ್ತಿತ್ತು, ಹಿಂದೂ ಕಾಣುತ್ತಿತ್ತು. ಯಜಮಾನರು ಕುತ್ತಿಗೆಯ ಪಟ್ಟಿ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟರು. ಸೊಸೆ ಸಿಂಬಿ ಇಟ್ಟು ದಾರ ಸರಿಮಾಡಿ ಹಿಂದೆ ಸರಿದರು. ಗಿರಿಜೆ ನಾರುಸೀರೆಯಲ್ಲಿ ಮೆಲ್ಲಗೆ ಬಂದು, ನಿಂತು, ಒಂದು ಕಾಲು ಮಡಿಸಿ ಇನ್ನೊಂದರ ಮಂಡಿಗೆ ಆನಿಸಿದಳು. ಮಡಿಸಿದ ಕಾಲಿಗೆ ಬೇರೆ ದಾರವಿತ್ತು, ಅದು ಯಜಮಾನರ ಎಡಗೈಯ ಕಿರುಬೆರಳಲ್ಲಿ. ಎರಡೂ ಕೈ ಜೋಡಿದವು. ಭಾಗವತರು ಪದ ಎತ್ತಿಕೊಂಡರು. ಬೇಸಿಗೆ ಬಂತು, ಮಳೆಗಾಲ ಬಂತು, ಚಳಿ ಬಂತು, ಎಲೆಯನ್ನೂ ತಿನ್ನದೆ ನಿಂತಳು ಅಂತ ಪದದ ಮೇಲೆ ಪದ.

ಅಷ್ಟು ಹೊತ್ತೂ ಗಿರಿಜೆ ಅಲ್ಲಾಡಲಿಲ್ಲ. ಸತ್ತ ಮರ ಅಲ್ಲಾಡದೆ ಇರುತ್ತದಲ್ಲ, ಹಾಗಲ್ಲ. ಒಂಟಿ ಪಾದ ನೆಲ ಒತ್ತಿ ಹಿಡಿದಿತ್ತು, ಮಂಡಿಯಲ್ಲಿ ಬಿಗುವಿತ್ತು, ನೆಟ್ಟಗಿನ ಬೆನ್ನಿನಲ್ಲಿ ಹಟವಿತ್ತು. ಹಿಂದೆ ಯಜಮಾನರ ಕತ್ತಿನ ನರ ಉಬ್ಬಿತ್ತು. ಪದದ ಸಾಲು ಮುಗಿದು, ಹಾಡು ನಿಂತು ಮೃದಂಗ ಮಾತ್ರ ನುಡಿಯುವ ಬಿಡ್ತಿಗೆ ಬರುವಾಗ ಮಾತ್ರ ಅವರು ಉಸಿರು ಬಿಡುತ್ತಿದ್ದರು, ಅಷ್ಟೇ ನಿಧಾನವಾಗಿ ಎಳೆದುಕೊಳ್ಳುತ್ತಿದ್ದರು. ಭಾಗವತರಿಗೆ ಅದು ಗೊತ್ತು. ಬಿಡ್ತಿಗಳನ್ನು ಸ್ವಲ್ಪ ಹತ್ತಿರ ಹತ್ತಿರ ಕೊಡುತ್ತಿದ್ದರು. ಪೆನ್‌ಡ್ರೈವ್ ಕಾಯುತ್ತಾ ಅಂತ ನಿನ್ನೆ ಕೇಳಿದ್ದು ಯಾಕೆ ಅಂತ ಆಗ ತಿಳಿಯಿತು.

ಮಕ್ಕಳು ಗಲಾಟೆ ಮಾಡಲಿಲ್ಲ. ಕುಣಿತವಿಲ್ಲ, ಯುದ್ಧವಿಲ್ಲ, ಒಂದು ಮರದ ಗೊಂಬೆ ಸುಮ್ಮನೆ ನಿಂತಿದೆ, ಅಷ್ಟೂ ಮಕ್ಕಳು ಬಾಯಿಬಿಟ್ಟುಕೊಂಡು ನೋಡುತ್ತಿವೆ. ಇಪ್ಪತ್ತು ವರ್ಷ ಪಾಠ ಹೇಳಿದವನಾಗಿ ಹೇಳುತ್ತೇನೆ, ಮಕ್ಕಳನ್ನು ಹಾಗೆ ಕೂರಿಸೋದು ಸಣ್ಣ ಮಾತಲ್ಲ.

ವಟುವೇಷದ ಶಿವ ಬಂದು ಮಾತಾಡಿಸಿದಾಗ ಗಿರಿಜೆ ಕಾಲಿಳಿಸಿದಳು. ದೀಪ ಮಂಕಾದ ಆ ಒಂದು ಕ್ಷಣದಲ್ಲಿ ಸಿಂಬಿ ಯಜಮಾನರ ತಲೆಯಿಂದ ಸೊಸೆಯ ತಲೆಗೆ ಹೋಯಿತು. ಮುಂದೆ ಕೂತವರಿಗೆ ತಿಳಿಯಲಿಲ್ಲ. ಮದುವೆಯ ಸಂಭ್ರಮದಲ್ಲಿ ಗಿರಿಜೆಯನ್ನು ಕುಣಿಸಿದವರು ಸೊಸೆ, ಅವರ ಗೆಜ್ಜೆ ಸದ್ದು ಚುರುಕಾಗಿತ್ತು, ಸೊಗಸಾಗಿತ್ತು. ಯಜಮಾನರು ಸ್ಟೂಲಿನ ಮೇಲೆ ಕೂತು ಪಟ್ಟಿ ಕಟ್ಟಿಸಿಕೊಳ್ಳುತ್ತ ಸೊಸೆಯ ಕಾಲನ್ನೇ ನೋಡುತ್ತಿದ್ದರು.

ಆಟ ಮುಗಿದಮೇಲೆ ಮಕ್ಕಳು ಪರದೆ ಹಿಂದೆ ನುಗ್ಗಿದರು. ಒಬ್ಬ ಹುಡುಗ, “ತಾತ, ಅವಳಿಗೆ ಕಾಲು ನೋಯ್ಲಿಲ್ವಾ?” ಅಂತ ಕೇಳಿದ. ಯಜಮಾನರು ಗಿರಿಜೆಯನ್ನು ಅವನ ಮುಂದೆ ಹಿಡಿದು, “ನೀನೇ ಕೇಳು,” ಅಂದರು. ಹುಡುಗ ನಿಜವಾಗಿಯೂ ಕೇಳಿದ.

ಸೋಮವಾರ

ಬುಲ್ ಟೆಂಪಲ್ ರಸ್ತೆ ಬೆಳಗಿನಿಂದಲೇ ಕಡಲೆಕಾಯಿಯ ರಾಶಿ. ದೊಡ್ಡ ಗಣಪತಿ, ದೊಡ್ಡ ಬಸವಣ್ಣನ ದರ್ಶನಕ್ಕೆ ಸಾಲು. ಅಕ್ಕ ಹಸಿಕಾಯಿ, ಹುರಿದ ಕಾಯಿ ಎರಡನ್ನೂ ಸೇರುಗಟ್ಟಲೆ ತುಂಬಿಸಿಕೊಂಡಳು. ರಸ್ತೆಬದಿ ಪ್ಲಾಸ್ಟಿಕ್ ಆಟಿಕೆಗಳ ನಡುವೆ ಒಬ್ಬಾಕೆ ದಾರದ ಸಣ್ಣ ಗೊಂಬೆ ಮಾರುತ್ತಿದ್ದರು. ನಮ್ಮ ಶಾಲೆಗೆಂದು ಎರಡು ಕೊಂಡೆ.

ಮಧ್ಯಾಹ್ನ ಒಬ್ಬನೇ ಮತ್ತೆ ಶ್ರೀನಗರಕ್ಕೆ ಹೋದೆ. ಹಿಂದಿನ ರಾತ್ರಿಯೇ ಮುಖ್ಯೋಪಾಧ್ಯಾಯರ ಜೊತೆ, ಹಳೆ ವಿದ್ಯಾರ್ಥಿಗಳ ಜೊತೆ ಫೋನಿನಲ್ಲಿ ಮಾತಾಡಿದ್ದೆ. ಶಾಲೆಯ ವಾರ್ಷಿಕೋತ್ಸವಕ್ಕೆ ಈ ತಂಡವನ್ನು ಸಾಗರಕ್ಕೆ ಕರೆಸುವುದು ಅಂತ ಆಗಿತ್ತು. ರೆಕಾರ್ಡ್ ಬೇಡ, ಪೂರ್ತಿ ಹಿಮ್ಮೇಳದ ಜೊತೆ. ಹಣದಲ್ಲಿ ಅರ್ಧ ಮುಂಗಡ, ಉಳಿದದ್ದು ಆಟದ ರಾತ್ರಿಯೇ ಕೈಗೆ. ಯಜಮಾನರು ಪಂಚಾಂಗ ತೆಗೆದು ದಿನ ನೋಡಿದರು. ದೂರ ಪ್ರಯಾಣಕ್ಕೆ ಡಾಕ್ಟರು ಬೇಡವೆಂದರೆ ತಪಸ್ಸಿನ ಸೀನು ಯಾರದ್ದು ಅಂತ ಕೇಳಿದೆ. ಅವರು ಒಳಗೆ ನೋಡಿ ಮೊಮ್ಮಗಳನ್ನು ಕರೆದರು.

“ಎರಡು ವರ್ಷದಿಂದ ನಂದೀನ ಕೊಟ್ಟಿದೀನಿ ಇವಳಿಗೆ. ಆಡ್ಸೋಕಲ್ಲ, ನಿಲ್ಸೋಕೆ. ಪರೀಕ್ಷೆ ಮುಗೀಲಿ, ಗಿರಿಜೆ ಕೊಡ್ತೀನಿ.”

ಹುಡುಗಿ ತಾತನ ಕಡೆ ನೋಡದೆ, “ನಂದಿಗೆ ನಾಲ್ಕು ಕಾಲು ಅಂಕಲ್, ಸುಲಭ,” ಅಂದಳು.

ಸೊಸೆ ಒಂದು ಚೀಟಿ ಬರೆದುಕೊಟ್ಟರು. ವೇದಿಕೆಯ ಹಲಗೆ ಅಲ್ಲಾಡಬಾರದು. ಹಿಂದೆ ಗೋಡೆ ಇದ್ದರೆ ಒಳ್ಳೇದು, ಬಯಲಾದರೆ ಮೂರು ಕಡೆ ದಪ್ಪ ಟಾರ್ಪಾಲು. ಮಕ್ಕಳನ್ನು ಚಾಪೆ ಹಾಕಿ ಮುಂದೆ ಕೂರಿಸಿ, ಕುರ್ಚಿಗಳು ಹಿಂದೆ. ಭಾಗವತರಿಗೆ ಗೊಂಬೆ ಕಾಣುವ ಹಾಗೆ ಬಲಗಡೆ ಜಾಗ. ಭಾಷಣ ಇದ್ದರೆ ಆಟಕ್ಕೆ ಮೊದಲೇ ಮುಗಿಸಿ. ಕೊನೆಯ ಸಾಲನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು: ಫ್ಯಾನ್ ಹಾಕಬಾರದು.